ಕಾಣದುದನ್ನು ಕಳೆಯುವ ಅಧಿಕಾರ

ಯಾರ ಕಣ್ಣಿಗೂ ಬೀಳದ ವಸ್ತುವೊಂದನ್ನು ಅದಿದ್ದ ಎಡೆಯಿಂದ ತೆಗೆದುಹಾಕಿದರೆ ಯಾರಿಗಾದರೂ ನಷ್ಟವುಂಟೆ? ನಷ್ಟವಿಲ್ಲವೆಂದಾದರೆ ತೆಗೆದವನಿಗೆ ದೋಷವುಂಟೆ? ಈ ಪ್ರಶ್ನೆ ನಮ್ಮ ದೇಶದ ತಾರ್ಕಿಕರಿಗೂ ಮೀಮಾಂಸಕರಿಗೂ ಹೊಸತಲ್ಲ. ಇರುವುದರ ವಿಚಾರದಲ್ಲಿ ಎಷ್ಟೋ ಅಷ್ಟೇ ಶ್ರದ್ಧೆಯಿಂದ ಇಲ್ಲದುದರ ವಿಚಾರದಲ್ಲಿಯೂ ಅವರು ಶತಮಾನಗಳ ಕಾಲ ಬುದ್ಧಿಯನ್ನು ಮಸೆದಿದ್ದಾರೆ. ಆದರೆ ನನ್ನ ಪಾಲಿಗೆ ಅದು ಗ್ರಂಥದ ಪುಟದಿಂದ ಎದ್ದುಬಂದುದಲ್ಲ. ಕೊಳ್ಳೇಗಾಲದಿಂದ ಹನೂರನ್ನು ಹಾದು ಮಲೆ ಮಹದೇಶ್ವರನ ಬೆಟ್ಟಕ್ಕೆ ಹೋಗುವ ದಾರಿಯಲ್ಲಿರುವ ರಾಮಾಪುರದಲ್ಲಿ, ಡಿವಿಡಿಗಳ ಕಾಲ ಇನ್ನೂ ಮುಗಿಯದಿದ್ದ ದಿನಗಳಲ್ಲಿ, ಮದುವೆ ಹಬ್ಬಗಳ ವಿಡಿಯೊ ತೆಗೆಯುವ ಅಂಗಡಿಯವನೊಬ್ಬನು ಆಡಿದ ಮಾತಿನಿಂದ ಅದು ಹುಟ್ಟಿತು. ಮಾದಪ್ಪನ ಕಥೆಯನ್ನು ಹಾಡುವ ದೇವರಗುಡ್ಡರಿಂದ ಹಾಡಿಸಿದ ಸಂಕಮ್ಮನ ಸಾಲನ್ನು ಒಂದೇ ಡಿವಿಡಿ ತಟ್ಟೆಗೆ ಇಳಿಸುವ ಕೆಲಸವನ್ನು ಆತನು ಕಂಪ್ಯೂಟರಿಗೆ ಒಪ್ಪಿಸಿ ಕುಳಿತಿದ್ದನು. ಚಿತ್ರದಿಂದ ಏನೇನು ಹೋಗುತ್ತದೆಯೆಂದು ಕೇಳಿದುದಕ್ಕೆ, “ಹೋಗೋದ್ನ ಯಾರೂ ಕಾಣರು ಸ್ವಾಮಿ, ಕಾಣದೆ ಇರೋದ್ನ ಇಟ್ಕೊಂಡು ಏನ್ ಮಾಡಾದು?” ಎಂದನು. ಆ ಮಾತಿನಲ್ಲಿ ಉಡಾಫೆಯಿರಲಿಲ್ಲ. ತನ್ನ ಕಸುಬನ್ನು ಬಲ್ಲವನ ನಿಶ್ಚಯವಿದ್ದಿತು. ಅದಕ್ಕೆ ತಕ್ಕ ಉತ್ತರ ದೊರೆಯಬೇಕಾದರೆ ಆತನ ಕಸುಬನ್ನೂ ಗುಡ್ಡರ ಹಾಡನ್ನೂ ಶಾಸ್ತ್ರವನ್ನೂ ಒಟ್ಟಿಗೆ ಇಟ್ಟು ನೋಡಬೇಕಾಗುತ್ತದೆ.

ಆ ಸೀಮೆಯನ್ನು ಬಲ್ಲವರಿಗೆ ಮಾದಪ್ಪನ, ಎಂದರೆ ಮಹದೇಶ್ವರನ, ಹಾಡೆಂದರೆ ಏನೆಂದು ವಿವರಿಸಬೇಕಾದುದಿಲ್ಲ. ಶಿವರಾತ್ರಿಯಲ್ಲಿಯೂ ಯುಗಾದಿ ದೀಪಾವಳಿಗಳಲ್ಲಿಯೂ ದೂರದೂರದ ಸೀಮೆಗಳಿಂದ ಕಾಲ್ನಡೆಯಲ್ಲಿ ಬರುವ ಪರಿಷೆಯವರು ‘ಉಘೇ ಮಾದಪ್ಪ’ ಎನ್ನುತ್ತ ಹಾದುಹೋಗುವ ಈ ನೆಲ 1956ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಆಡಳಿತದ ಕಾಗದಪತ್ರಗಳು ಯಾವ ಊರಿಗೆ ಹೋದರೂ ಜನರ ಹರಕೆಗಳು ಮಾತ್ರ ಎಪ್ಪತ್ತೇಳು ಮಲೆಯ ಒಡೆಯನಿಗೇ ಸಲ್ಲುತ್ತಿದ್ದುವು. ಉತ್ತರಾಜಮ್ಮನ ಮಗನಾಗಿ ಬಂದು, ಮಠದಲ್ಲಿ ರಾಗಿ ಬೀಸಿ, ಶ್ರವಣ ದೊರೆಯನ್ನು ಅಡಗಿಸಿ, ಜುಂಜೇಗೌಡನನ್ನು ಒಕ್ಕಲು ಮಾಡಿಕೊಂಡು, ಬೇವಿನಹಟ್ಟಿ ಕಾಳಮ್ಮನ ಲೋಭವನ್ನು ಮುರಿದ ಆ ಮಹಾಮಹಿಮನ ಚರಿತ್ರೆಯನ್ನು ಹಾಡುವ ಅಧಿಕಾರ ದೀಕ್ಷೆಯಿಂದ ಬರುತ್ತದೆ. ಗುಡ್ಡನಾಗುವುದೆಂದರೆ ಕಂಸಾಳೆಯನ್ನು ಹಿಡಿಯುವುದಷ್ಟೇ ಅಲ್ಲ. ಭಿಕ್ಷೆಗೆ ನಿಲ್ಲುವುದು, ವ್ರತಕ್ಕೆ ಬೀಳುವುದು, ದೇವರ ಒಕ್ಕಲಾಗಿ ಬಾಳುವುದು. ಎಡಗೈಯಲ್ಲಿ ಬಟ್ಟಲಿನಾಕಾರದ ಕಂಚು, ಬಲಗೈಯಲ್ಲಿ ದಾರ ಕಟ್ಟಿ ಗೊಂಡೆಯಿಳಿಬಿಟ್ಟ ಚಪ್ಪಟೆಯ ಕಂಚು. ಮುಂದಾಳು ಕಥೆಯನ್ನು ಎತ್ತಿಕೊಡುತ್ತಾನೆ, ಹಿಮ್ಮೇಳದವರು ಸೊಲ್ಲನ್ನು ಹಿಡಿಯುತ್ತಾರೆ, ಹಾಡು ಗದ್ಯಕ್ಕೂ ಗದ್ಯ ಹಾಡಿಗೂ ತಿರುಗುತ್ತ ರಾತ್ರಿ ಬೆಳಗಾಗುತ್ತದೆ. ಒಂದೊಂದು ಘಟನೆಯ ಕಥೆಯೂ ಒಂದೊಂದು ‘ಸಾಲು’.

ಆ ಸಾಲುಗಳಲ್ಲಿ ಸಂಕಮ್ಮನದು ಜನರ ಹೃದಯಕ್ಕೆ ಅತ್ಯಂತ ಸಮೀಪದ್ದು. ಜೇನುಬೇಟೆಗೆ ಹೊರಟ ಗಂಡ ನೀಲೇಗೌಡನು ತಾನಿಲ್ಲದಾಗಿನ ನಡತೆಗಾಗಿ ಬಲಗೈ ಭಾಷೆಯನ್ನು ಕೇಳುತ್ತಾನೆ, ಆಕೆ ಕೊಡಲೊಲ್ಲಳು. ಒಂದು ಮಾತನ್ನು ಆಡಲೊಪ್ಪದ ಹೆಂಗಸಿನ ಆ ಮೌನದ ಮೇಲೆಯೇ ಇಡೀ ಕಥೆ ನಿಂತಿದೆ. ಕೇಳುವವರ ಹಸಿವು, ರಾತ್ರಿಯ ಉದ್ದ, ಮನೆಯವರ ಹರಕೆ ಇವನ್ನು ನೋಡಿಕೊಂಡು ಗುಡ್ಡನು ಅದನ್ನು ಗಂಟೆಯೊಳಗೆ ಮುಗಿಸಬಲ್ಲನು, ರಾತ್ರಿಯುದ್ದಕ್ಕೂ ಹಿಗ್ಗಿಸಬಲ್ಲನು. ಅಂದಮೇಲೆ ಬಿಡುವುದೂ ಕುಗ್ಗಿಸುವುದೂ ಹಾಡಿನ ಧರ್ಮದಲ್ಲಿಯೇ ಇವೆ. ಹಾಗಿರುವಲ್ಲಿ ಯಂತ್ರ ಕುಗ್ಗಿಸಿದರೆ ಆಕ್ಷೇಪವೇಕೆಂಬ ವಾದಕ್ಕೆ ಇದು ಮೊದಲ ಆಸರೆ. ಆ ವಾದಕ್ಕೆ ಮುಂದೆ ಬರುತ್ತೇನೆ. ಯಂತ್ರ ಕುಗ್ಗಿಸುವ ಬಗೆಯನ್ನು ಮೊದಲು ತಿಳಿಯಬೇಕು.

ಮಿನಿ ಡಿವಿ ಕ್ಯಾಸೆಟ್ಟಿನಲ್ಲಿ ಹಿಡಿದ ಒಂದು ಗಂಟೆಯ ಚಿತ್ರ ಕಂಪ್ಯೂಟರಿನಲ್ಲಿ ಸುಮಾರು 13 ಗಿಗಾಬೈಟ್ ಜಾಗವನ್ನು ಬೇಡುತ್ತದೆ. ಮೂರು ಗಂಟೆಯ ಸಾಲಿಗೆ 39. ಅದನ್ನು ಡಿವಿಡಿಗೆ ಒಗ್ಗುವ ಎಂಪೆಗ್-2 ರೂಪಕ್ಕೆ, ಸೆಕೆಂಡಿಗೆ 60 ಲಕ್ಷ ಬಿಟ್‌ಗಳ ಹದದಲ್ಲಿ ತಿರುಗಿಸಿದರೆ 8 ಗಿಗಾಬೈಟಿಗೆ ಇಳಿಯುತ್ತದೆ. ಎರಡು ಪದರದ ತಟ್ಟೆ 8.5 ಗಿಗಾಬೈಟನ್ನು ಹಿಡಿಯುವುದಾದರೂ ಅಗ್ಗವಾಗಿ ದೊರೆಯುತ್ತಿದ್ದುದು ಒಂದೇ ಪದರದ ತಟ್ಟೆ. ಅದರ ಹೊಟ್ಟೆ 4.7ಕ್ಕೆ ತುಂಬುತ್ತದೆ. ಆದುದರಿಂದ ಉಳಿದುದನ್ನು ಎಲ್ಲಿಯಾದರೂ ಕಳೆಯಲೇಬೇಕು. ಈ ಕಳೆಯುವಿಕೆಗೆಂದು ಆಗ ಊರೂರುಗಳ ಅಂಗಡಿಗಳಲ್ಲಿ ಬಳಕೆಯಲ್ಲಿದ್ದ ತಂತ್ರಾಂಶಗಳಲ್ಲಿ ಪ್ರಸಿದ್ಧವಾದುದು ಡಿವಿಡಿ ಶ್ರಿಂಕ್; ಹಣ ಕೊಡದೆ ದೊರೆಯುತ್ತಿದ್ದ ಅದರ 3.2ನೆಯ ಆವೃತ್ತಿ ಹೊರಬಂದುದು 2004ರಲ್ಲಿ.

ಕಳೆಯುವ ವಿದ್ಯೆಯ ಮೂಲದಲ್ಲಿ ನಮ್ಮ ನಾಡಿನವರೊಬ್ಬರಿದ್ದಾರೆಂಬುದನ್ನು ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿಯ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ಹೋದ ನಾಸಿರ್ ಅಹಮದ್ ಅವರು, ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ 1974ರ ಜನವರಿಯಲ್ಲಿ ಪ್ರಕಟಿಸಿದ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂಬ ಗಣಿತಕ್ರಮವೇ ಇಂದು ನಾವು ನೋಡುವ ಬಹುಪಾಲು ಚಿತ್ರಗಳ ಒಡಲಿನಲ್ಲಿ ಅಡಗಿದೆ. ಡಿವಿಡಿಯ ಒಂದೊಂದು ಚಿತ್ರವನ್ನು ಎಂಟು ಬಿಂದುಗಳ ಅಗಲ, ಎಂಟು ಬಿಂದುಗಳ ಎತ್ತರದ ಚೌಕಗಳಾಗಿ ಸೀಳುತ್ತಾರೆ. ನಮ್ಮ ದೇಶದ ಟೆಲಿವಿಷನ್ ಪದ್ಧತಿಯಲ್ಲಿ ಬೆಳಕಿನ ಅಂಶವೊಂದಕ್ಕೇ ಇಂಥ 6,480 ಚೌಕಗಳು, ಸೆಕೆಂಡಿಗೆ ಇಪ್ಪತ್ತೈದು ಸಲ. ಒಂದು ಚೌಕದ ಅರವತ್ತನಾಲ್ಕು ಬಿಂದುಗಳನ್ನು ಮೇಲೆ ಹೇಳಿದ ಗಣಿತ ಅರವತ್ತನಾಲ್ಕು ಗುಣಾಂಕಗಳನ್ನಾಗಿ ಮಾರ್ಪಡಿಸುತ್ತದೆ. ಮೊದಲನೆಯದು ಚೌಕದ ಒಟ್ಟು ಬೆಳಕನ್ನು ಹೇಳುತ್ತದೆ. ಮುಂದಿನವು ದೊಡ್ಡ ಏರಿಳಿತಗಳನ್ನು. ಕೊನೆಕೊನೆಯವು ಕೂದಲೆಳೆಯಂಥ, ಮರಳಿನ ಕಣದಂಥ ಸೂಕ್ಷ್ಮಗಳನ್ನು. ಇಲ್ಲಿಯವರೆಗೆ ಏನೂ ನಷ್ಟವಿಲ್ಲ. ಹಿಂದಿರುಗಿ ಲೆಕ್ಕ ಮಾಡಿದರೆ ಚಿತ್ರ ಹಾಗೆಯೇ ದೊರೆಯುತ್ತದೆ. ನಷ್ಟ ಬರುವುದು ಮುಂದಿನ ಹೆಜ್ಜೆಯಲ್ಲಿ: ಪ್ರತಿಯೊಂದು ಗುಣಾಂಕವನ್ನೂ ಒಂದು ಭಾಜಕದಿಂದ ಭಾಗಿಸಿ, ಉಳಿದ ಭಿನ್ನಾಂಶವನ್ನು ಬಿಟ್ಟುಬಿಡುತ್ತಾರೆ. ಸೂಕ್ಷ್ಮಗಳಿಗೆ ಭಾಜಕ ದೊಡ್ಡದು, ಸ್ಥೂಲಕ್ಕೆ ಚಿಕ್ಕದು, ಏಕೆಂದರೆ ಮನುಷ್ಯನ ಕಣ್ಣು ಸೂಕ್ಷ್ಮದ ತಪ್ಪನ್ನು ಅಷ್ಟಾಗಿ ಗುರುತಿಸದೆಂದು ಪರೀಕ್ಷೆಗಳಿಂದ ತಿಳಿದಿದೆ. ಹೀಗೆ ಭಾಗಿಸಿದಾಗ ಸೂಕ್ಷ್ಮವನ್ನು ಹೇಳುವ ಗುಣಾಂಕಗಳಲ್ಲಿ ಬಹಳಷ್ಟು ಸೊನ್ನೆಯಾಗುತ್ತವೆ. ಸೊನ್ನೆಗಳ ಸಾಲನ್ನು ಬರೆದಿಡಲು ಹೆಚ್ಚು ಜಾಗ ಬೇಕಿಲ್ಲ. ಅಂಗಡಿಯವನು ಹೇಳಿದ ಮಾತೇ ಇಲ್ಲಿ ಗಣಿತವಾಗಿದೆ.

ಶ್ರಿಂಕ್ ಮಾಡುತ್ತಿದ್ದುದು ಇದರ ಮೇಲೊಂದು ಪದರದ ಕೆಲಸ. ಅದು ಚಿತ್ರವನ್ನು ಮೊದಲಿನಿಂದ ಮತ್ತೆ ಕಟ್ಟುವುದಿಲ್ಲ. ಒಮ್ಮೆ ಕುಗ್ಗಿಸಿದುದರ ಗುಣಾಂಕಗಳನ್ನೇ ಹೊರತೆಗೆದು, ಇನ್ನೂ ದೊಡ್ಡ ಭಾಜಕದಿಂದ ಮತ್ತೊಮ್ಮೆ ಭಾಗಿಸಿ, ಇನ್ನಷ್ಟನ್ನು ಸೊನ್ನೆಗೆ ಸೇರಿಸುತ್ತದೆ. ಇದರಲ್ಲಿ ಒಂದು ಅಪಾಯವುಂಟು. ಎಂಪೆಗ್ ಪದ್ಧತಿಯಲ್ಲಿ ಪೂರ್ಣವಾಗಿ ಬರೆದ ಚಿತ್ರಗಳು ಕೆಲವು ಮಾತ್ರ. ಅವುಗಳ ನಡುವಿನವು ಹಿಂದುಮುಂದಿನ ಚಿತ್ರಗಳಿಂದ ಊಹಿಸಿಕೊಂಡು, ವ್ಯತ್ಯಾಸವನ್ನಷ್ಟೇ ಬರೆದುಕೊಂಡವು. ಆದುದರಿಂದ ಒಂದು ಚಿತ್ರದಲ್ಲಿ ಆದ ತಪ್ಪು ಅದನ್ನು ನೆಚ್ಚಿದ ಮುಂದಿನ ಚಿತ್ರಕ್ಕೆ, ಅಲ್ಲಿಂದ ಅದರ ಮುಂದಿನದಕ್ಕೆ ಹರಿದು, ಇನ್ನೊಂದು ಪೂರ್ಣಚಿತ್ರ ಬರುವ ತನಕ ಬೆಳೆಯುತ್ತ ಹೋಗುತ್ತದೆ. ಈ ತಪ್ಪನ್ನು ಸರಿದೂಗಿಸುವುದಕ್ಕಾಗಿ ತಂತ್ರಾಂಶದಲ್ಲಿ ಒಂದು ಏರ್ಪಾಡಿದ್ದಿತು. ಅದರಲ್ಲಿಯೂ ‘ತೀಕ್ಷ್ಣ’ವೆಂದೂ ‘ನಯ’ವೆಂದೂ, ಎರಡರ ಪರಮಾವಧಿಗಳೆಂದೂ ಆಯ್ಕೆಗಳಿದ್ದುವು. ಇವು ಎದುರಿಗೆ ಕಾಣುವಂತೆ ಇರಲಿಲ್ಲ. ಕೊನೆಯ ಗುಂಡಿಯನ್ನು ಒತ್ತುವ ಮುನ್ನ ತೆರೆದುಕೊಳ್ಳುವ ಕಿಟಕಿಯಲ್ಲಿ, ಪಕ್ಕದ ಪುಟವೊಂದನ್ನು ತಿರುವಿದವರಿಗೆ ಮಾತ್ರ ದೊರೆಯುತ್ತಿದ್ದುವು. ಅವಸರದಲ್ಲಿದ್ದವರು ತಾವಾಗಿ ಏನನ್ನೂ ಆಯದೆ ಮುಂದೆ ಸಾಗುತ್ತಿದ್ದರು. ಆದರೂ ಆಯ್ಕೆ ನಡೆದೇ ಇರುತ್ತಿದ್ದಿತು, ಏಕೆಂದರೆ ತಂತ್ರಾಂಶವನ್ನು ಬರೆದವನು ಅವರ ಪರವಾಗಿ ಮೊದಲೇ ಆಯ್ದಿಟ್ಟಿದ್ದನು.

ಅಂಗಡಿಯವನು ಅದೇ ಹಾಡಿಕೆಯ ಒಂದು ತುಣುಕನ್ನು ಎರಡು ಬಗೆಯಲ್ಲಿಯೂ ಕುಗ್ಗಿಸಿ ತೋರಿಸಿದನು. ಹಿರಿಯ ಗುಡ್ಡರೊಬ್ಬರ ಮುಖ; ಹಣೆಯ ಮೇಲೆ ಮೂರೆಳೆಯ ವಿಭೂತಿ; ಎದುರಿಗೆ ಇಟ್ಟ ಧೂಪದಿಂದ ಎದ್ದು ಕತ್ತಲಿನಲ್ಲಿ ಕರಗುವ ಹೊಗೆ. ನಯವೆಂಬ ಆಯ್ಕೆಯಲ್ಲಿ ಮುಖ ನುಣುಪಾಗಿದ್ದಿತು. ಕಣ್ಣಿನ ಸುತ್ತಣ ಸುಕ್ಕುಗಳು ಸೌಮ್ಯವಾಗಿ ಅಳಿದುಹೋಗಿದ್ದುವು, ವಿಭೂತಿಯ ಒಣಗಿದ ಅಂಚಿನ ಹುಡಿ ಇಲ್ಲ, ಹೊಗೆಯ ಕೊನೆ ಎಲ್ಲಿ ಮುಗಿಯುತ್ತದೆಯೋ ಅಲ್ಲಿಯ ತೆಳುವೆಲ್ಲ ಕತ್ತಲಿಗೆ ಸೇರಿಹೋಗಿದ್ದಿತು. ನೋಡುವುದಕ್ಕೆ ಹಿತ. ತೀಕ್ಷ್ಣವೆಂಬ ಆಯ್ಕೆಯಲ್ಲಿ ಸುಕ್ಕುಗಳಿದ್ದುವು, ಹುಡಿಯಿದ್ದಿತು. ಆದರೆ ಹೊಗೆ ಬಾರಿಬಾರಿಗೆ ಚೌಕಚೌಕವಾಗಿ ಒಡೆಯುತ್ತಿದ್ದಿತು, ಗುಡ್ಡರು ಕಂಸಾಳೆಯನ್ನು ಬೀಸಿದೊಡನೆ ಕಂಚಿನ ಸುತ್ತ ಗಾಳಿ ತರಿತರಿಯಾಗಿ ನಡುಗುತ್ತಿದ್ದಿತು. ಗಿರಾಕಿಗಳಿಗೆ ಯಾವುದು ಮೆಚ್ಚುಗೆಯೆಂದು ಕೇಳಿದುದಕ್ಕೆ ಆತನು ಸ್ವಲ್ಪವೂ ಯೋಚಿಸದೆ ನಯವಾದುದನ್ನು ತೋರಿಸಿದನು. ಅದು ಸಹಜ, ಹಿತವಾದುದನ್ನು ಬೇಡುವುದು ತಪ್ಪಲ್ಲ. ಆದರೆ ಇಲ್ಲಿಂದ ಮುಂದೆ ನನ್ನ ಬುದ್ಧಿ ಆತನ ಬುದ್ಧಿಯೊಡನೆ ನಡೆಯಲಾರದೆ ಹೋಯಿತು.

ಇಲ್ಲವೆಂಬುದನ್ನು ನಾವು ಹೇಗೆ ತಿಳಿಯುತ್ತೇವೆ? ಏಳನೆಯ ಶತಮಾನದ ಕುಮಾರಿಲಭಟ್ಟರೂ ಅವರ ಪರಂಪರೆಯವರೂ ಇದಕ್ಕೆ ಅನುಪಲಬ್ಧಿಯೆಂಬ ಬೇರೆಯೇ ಪ್ರಮಾಣವನ್ನು ಹೇಳಿದರು. ವ್ಯವಹಾರದಲ್ಲಿ ಅದ್ವೈತಿಗಳೂ ಅದನ್ನು ಒಪ್ಪಿದರು. ನೈಯಾಯಿಕರು ಅಭಾವವನ್ನು ಪದಾರ್ಥವಾಗಿ ಎಣಿಸಿ ಪ್ರತ್ಯಕ್ಷದಿಂದಲೇ ಅದು ತಿಳಿಯುವುದೆಂದರು. ನೆಲದ ಮೇಲೆ ಗಡಿಗೆ ಕಾಣುವುದಿಲ್ಲ, ಆದುದರಿಂದ ಗಡಿಗೆಯಿಲ್ಲ. ಆದರೆ ಈ ತೀರ್ಮಾನಕ್ಕೆ ಒಂದು ಕಟ್ಟುಪಾಡನ್ನು ಅವರು ಎಚ್ಚರದಿಂದ ಹಾಕಿದ್ದಾರೆ: ಗಡಿಗೆಯಿದ್ದಿದ್ದರೆ ಕಾಣುವಂತಿರಬೇಕು. ಕಗ್ಗತ್ತಲೆಯ ಕೋಣೆಯಲ್ಲಿ ನಿಂತು ಗಡಿಗೆ ಕಾಣದು, ಆದುದರಿಂದ ಇಲ್ಲವೆಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಕಾಣದಿರುವುದು ಪ್ರಮಾಣವಾಗಬೇಕಾದರೆ ಕಾಣುವ ಯೋಗ್ಯತೆ ವಸ್ತುವಿನಲ್ಲಿಯೂ ಸನ್ನಿವೇಶದಲ್ಲಿಯೂ ಇರಬೇಕು. ಬೌದ್ಧರಲ್ಲಿ ಧರ್ಮಕೀರ್ತಿ ಇದನ್ನು ಇನ್ನೂ ಕಠಿನವಾಗಿ ಹೇಳಿದನು. ದೇಶದಿಂದ ದೂರವಾದುದು, ಕಾಲದಿಂದ ದೂರವಾದುದು, ಸ್ವಭಾವದಿಂದಲೇ ಇಂದ್ರಿಯಕ್ಕೆ ದೂರವಾದುದು, ಈ ಮೂರರ ವಿಷಯದಲ್ಲಿ ನಮಗೆ ಕಾಣದೆಂಬುದರಿಂದ ಸಂಶಯ ಮಾತ್ರ ಹುಟ್ಟಬಲ್ಲುದು, ನಿಷೇಧ ಹುಟ್ಟಲಾರದು. ಪಿಶಾಚ ಕಾಣದೆಂಬಷ್ಟರಿಂದ ಪಿಶಾಚವಿಲ್ಲವೆಂದು ಸಾಧಿಸಲಾಗದು. ಹನೂರು ಸೀಮೆಯ ಒಡೆಯರಪಾಳ್ಯದಲ್ಲಿ 1970ರ ದಶಕದಿಂದ ನೆಲೆಸಿರುವ ಟಿಬೆಟಿನವರ ಸಂಪ್ರದಾಯದಲ್ಲಿ ಈ ಧರ್ಮಕೀರ್ತಿಯ ತರ್ಕ ಇಂದಿಗೂ ಭಿಕ್ಷುಗಳ ವಿದ್ಯಾಭ್ಯಾಸದ ಅಂಗವಾಗಿದೆ. ನಾಲಂದೆಯ ಮಾತು ಹಿಮಾಲಯವನ್ನು ದಾಟಿಹೋಗಿ, ಸಾವಿರಕ್ಕೂ ಮಿಕ್ಕ ವರ್ಷಗಳ ಮೇಲೆ ಮಾದಪ್ಪನ ಮಲೆಯ ಮಗ್ಗುಲಿಗೆ ಬಂದು ಕುಳಿತಿರುವುದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಗೌರವದಿಂದ ತುಂಬುತ್ತದೆ.

ಈ ಕಟ್ಟುಪಾಡನ್ನು ಅಂಗಡಿಯವನ ಮಾತಿಗೆ ಹಚ್ಚಿ ನೋಡೋಣ. ಕಾಣದೆಂದು ಯಂತ್ರ ಕಳೆಯುವುದು ಯಾರ ಕಣ್ಣಿಗೆ ಕಾಣದುದನ್ನು? ಪರೀಕ್ಷೆಗಳಲ್ಲಿ ದೊರೆತ ಸರಾಸರಿಯ ಒಂದು ಕಣ್ಣಿಗೆ, ಅದೂ ಇಂದಿನ ಟೆಲಿವಿಷನ್ನಿನ ಇಷ್ಟು ದೂರದಲ್ಲಿ ಕುಳಿತ ಕಣ್ಣಿಗೆ. ಆದರೆ ಆ ಚಿತ್ರದ ಪ್ರೇಕ್ಷಕರಲ್ಲಿ ಇನ್ನೂ ಹುಟ್ಟದವರಿದ್ದಾರೆ. ಇನ್ನು ಐವತ್ತು ವರ್ಷಕ್ಕೆ ಕಂಸಾಳೆ ಕಲಿಯಹೊರಟ ಹುಡುಗನೊಬ್ಬನು, ಹಿಂದಿನವರು ಕಂಚಿನ ದಾರವನ್ನು ಯಾವ ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು, ಬೀಸುವಾಗ ಮಣಿಕಟ್ಟು ಎಲ್ಲಿ ತಿರುಗುತ್ತಿದ್ದಿತು ಎಂಬುದನ್ನು ಅರಸಿ ಆ ಚಿತ್ರದ ಮುಂದೆ ಕುಳಿತಾನು. ಆ ಹುಡುಗನು ಬೇಡುವ ಸೂಕ್ಷ್ಮವೇ ಇಂದು ಸೊನ್ನೆಯಾದ ಗುಣಾಂಕಗಳಲ್ಲಿದ್ದಿತು. ಆತನು ನಮಗೆ ಕಾಲದಿಂದ ದೂರವಾದವನು. ಆತನ ಅವಶ್ಯಕತೆಯೂ ಹಾಗೆಯೇ. ಅದು ನಮಗೆ ಕಾಣದೆಂಬುದು ಅದಿಲ್ಲವೆಂಬುದಕ್ಕೆ ಪ್ರಮಾಣವಲ್ಲ. ಕತ್ತಲೆಯಲ್ಲಿ ನಿಂತು ಗಡಿಗೆಯಿಲ್ಲವೆನ್ನುವುದು ಅಜ್ಞಾನ. ಗಡಿಗೆಯಿಲ್ಲವೆಂದು ನಂಬಿ ಅಲ್ಲಿ ಒನಕೆಯಾಡಿಸುವುದು ಅದಕ್ಕಿಂತ ಮುಂದಿನ ಮಾತು.

ಗುಡ್ಡನೂ ಬಿಡುತ್ತಾನಲ್ಲವೆ ಎಂಬ ವಾದಕ್ಕೆ ಈಗ ಬರಬಹುದು. ಅಭಾವದಲ್ಲಿ ನಾಲ್ಕು ಬಗೆಯುಂಟೆಂದು ತರ್ಕಶಾಸ್ತ್ರ ಹೇಳುತ್ತದೆ; ನಮ್ಮ ಪ್ರಕೃತಕ್ಕೆ ಬೇಕಾದವು ಎರಡು. ಕುಂಬಾರನು ಗಡಿಗೆ ಮಾಡುವುದಕ್ಕೆ ಮುಂಚೆ ಇದ್ದ ಗಡಿಗೆಯ ಇಲ್ಲಮೆ ಪ್ರಾಗಭಾವ. ಅದಕ್ಕೆ ಮೊದಲಿಲ್ಲ, ಆದರೆ ಕೊನೆಯುಂಟು: ಗಡಿಗೆ ಹುಟ್ಟಿದ ಕ್ಷಣ ಅದು ತೀರಿತು. ಗಡಿಗೆ ಒಡೆದ ಮೇಲೆ ಬರುವ ಇಲ್ಲಮೆ ಪ್ರಧ್ವಂಸಾಭಾವ. ಅದಕ್ಕೆ ಮೊದಲುಂಟು, ಕೊನೆಯಿಲ್ಲ: ಬೇರೆ ಗಡಿಗೆ ಹುಟ್ಟಬಹುದು, ಒಡೆದುದು ಮತ್ತೆ ಹುಟ್ಟದು. ಬಾಲಪಾಠದಂತೆ ತೋರುವ ಈ ವಿಭಾಗದಲ್ಲಿ ಎಷ್ಟು ದೂರದ ನೋಟವಿದೆಯೆಂಬುದು ನನಗೆ ಮನವರಿಕೆಯಾದುದು ಗುಡ್ಡನನ್ನೂ ತಂತ್ರಾಂಶವನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದಾಗ. ಸಂಕಮ್ಮನನ್ನು ಕಾಡಿನ ಗುಡಿಸಲಿನಲ್ಲಿ ಕೂಡಿಹಾಕಿದ ಭಾಗವನ್ನು ಗುಡ್ಡನು ಈ ರಾತ್ರಿ ನಾಲ್ಕೇ ಸೊಲ್ಲಿನಲ್ಲಿ ದಾಟಿಸಿದನೆನ್ನಿ. ಬಿಟ್ಟುದು ಇನ್ನೂ ಹಾಡಾಗದೆ ಇರುವುದು ಮಾತ್ರ. ಅದು ಆತನ ಕಂಠದಲ್ಲಿ ಇದೆ, ಗುರುವಿನ ಬಳಿಯಲ್ಲಿದೆ, ಹಿಮ್ಮೇಳದವರ ನೆನಪಿನಲ್ಲಿದೆ. ಕೇಳುಗರಲ್ಲಿ ಒಬ್ಬಳು ಮುದುಕಿ ಕಣ್ಣೊರಸಿಕೊಂಡು ಇನ್ನಷ್ಟು ಹಾಡಪ್ಪ ಎಂದರೆ ಸಾಕು, ಆ ಇಲ್ಲಮೆ ಅಲ್ಲಿಯೇ ಮುಗಿಯುತ್ತದೆ. ಆತನು ಬಿಡುವುದು ಪ್ರಾಗಭಾವದ ಒಳಗೆ. ಯಂತ್ರ ಬಿಡುವುದು ಪ್ರಧ್ವಂಸದ ಒಳಗೆ. ಭಾಗಿಸಿ ಎಸೆದ ಭಿನ್ನಾಂಶವನ್ನು ಯಾವ ಹರಕೆಯೂ ಯಾವ ವಿದ್ಯೆಯೂ ಮರಳಿ ತರಲಾರವು. ಇಂದಿನ ಹೊಸ ತಂತ್ರಾಂಶಗಳು ಹಳೆಯ ಮಸುಕಾದ ಚಿತ್ರಗಳಿಗೆ ಸೂಕ್ಷ್ಮಗಳನ್ನು ತುಂಬಿಕೊಡುತ್ತವೆ, ನಿಜ. ಆದರೆ ಅವು ತುಂಬುವ ಸುಕ್ಕು ಆ ಗುಡ್ಡರ ಸುಕ್ಕಲ್ಲ, ಸಾವಿರಾರು ಬೇರೆ ಮುಖಗಳಿಂದ ಕಲಿತ ಊಹೆ. ಅದು ಇನ್ನೊಂದು ಗಡಿಗೆ.

ಹಾಗಾದರೆ ಅಚ್ಚಿನ ಪುಸ್ತಕವೇನು ಕಡಮೆ ಕಳೆಯಿತೆ, ಎಂದು ಕೇಳುವವರಿದ್ದಾರೆ. ಪಿ. ಕೆ. ರಾಜಶೇಖರ ಅವರು 1973ರಲ್ಲಿ ‘ಮಲೆಯ ಮಾದೇಶ್ವರ’ವನ್ನು ಸಂಪಾದಿಸಿ ಹೊರತಂದರು, ಮುಂದೆ ಹೆಬ್ಬಣಿ ಮಾದಯ್ಯನವರ ಹಾಡಿಕೆಯನ್ನು ಕೆ. ಕೇಶವನ್ ಪ್ರಸಾದ್ ಅವರು ಸಂಪಾದಿಸಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಬೆಳಕಿಗೆ ತಂದರು. ಈ ಮಹನೀಯರು ಪಟ್ಟ ಶ್ರಮಕ್ಕೆ ನಾಡು ಋಣಿ. ಆ ಪುಟಗಳಲ್ಲಿ ರಾಗವಿಲ್ಲ, ಕಂಚಿನ ನಾದವಿಲ್ಲ, ಮುಖವೂ ಇಲ್ಲ. ಯಾವ ಡಿವಿಡಿಯೂ ಕಳೆಯದಷ್ಟನ್ನು ಲಿಪಿ ಕಳೆದಿದೆ. ಆದರೆ ಅದು ಕಳೆದುದು ಎಲ್ಲರಿಗೂ ಗೊತ್ತು. ಪುಸ್ತಕವನ್ನು ಕೈಗೆತ್ತಿಕೊಂಡ ಯಾವ ಓದುಗನೂ ಹಾಡನ್ನೇ ಹಿಡಿದೆನೆಂದು ಭಾವಿಸುವುದಿಲ್ಲ. ಮೌನವಾದ ಆ ಅಕ್ಷರಗಳೇ ಅವನನ್ನು ಬೆಟ್ಟದ ಕಡೆಗೆ, ಹಾಡುವವನ ಕಡೆಗೆ ನೂಕುತ್ತವೆ. ಚಲಿಸುವ ಚಿತ್ರ ಹಾಗಲ್ಲ. ಅದು ಎಲ್ಲವನ್ನೂ ತಂದಿರುವಂತೆ ತೋರುತ್ತದೆ, ಅದರ ಕೊರತೆ ತನ್ನ ಗುರುತನ್ನೇ ಅಳಿಸಿಕೊಂಡಿರುತ್ತದೆ. ಈ ಭೇದ ನನಗೆ ಬಹಳ ಮುಖ್ಯವೆಂದು ತೋರುತ್ತದೆ.

ಇನ್ನೊಂದು ಆಕ್ಷೇಪ ಭಕ್ತಿಯ ಕಡೆಯಿಂದ ಬರುತ್ತದೆ. ಅದಕ್ಕೆ ನಾನು ತಲೆಬಾಗುತ್ತೇನೆ. ರಾಮಾಪುರದ ಮನೆಯೊಂದರಲ್ಲಿ ನಡೆಯಲಾರದ ಅಜ್ಜಿ ಸೋಮವಾರದ ಸಂಜೆ ಟೆಲಿವಿಷನ್ನಿನ ಮುಂದೆ ಎರಡು ಕಡ್ಡಿ ಹೊತ್ತಿಸಿಟ್ಟು ಮಾದಪ್ಪನ ತೇರನ್ನು ನೋಡಿ ಕೈಮುಗಿಯುತ್ತಾಳೆ. ಚಿತ್ರದ ಚೌಕಗಳು ಒಡೆದಿರಲಿ, ಕೂಡಿರಲಿ, ಅವಳ ದರ್ಶನಕ್ಕೆ ಏನೂ ಕೊರತೆಯಿಲ್ಲ. ಸಂಕಮ್ಮನ ಕರೆಗೆ ಕಾಡಿನ ಗುಡಿಸಲಿಗೆ ಬಂದ ಸ್ವಾಮಿ, ಸೆಕೆಂಡಿಗೆ ಇಷ್ಟು ಲಕ್ಷ ಬಿಟ್‌ಗಳಿದ್ದರೆ ಮಾತ್ರ ಬರುವೆನೆಂದು ಹೇಳುವವನಲ್ಲ. ಆಕೆಯ ಭಾವ ಕೊರತೆಯನ್ನು ತುಂಬಿಕೊಳ್ಳುತ್ತದೆ, ತುಂಬಿಕೊಂಡು ಉಳಿಯುತ್ತದೆ. ಒಂದು ಅಗ್ಗದ ತಟ್ಟೆಯಿಂದ ಇಷ್ಟು ದೊರೆಯುವುದಾದರೆ ಅದನ್ನು ಕುಗ್ಗಿಸಿ ಕೊಟ್ಟ ಅಂಗಡಿಯವನು ಪುಣ್ಯವಂತನೇ ಸರಿ. ಆದರೆ ಅಜ್ಜಿಯ ಭಾವ ಅಜ್ಜಿಯದು. ಅದು ನಮ್ಮ ಸಾಲವನ್ನು ತೀರಿಸುವುದಿಲ್ಲ. ಬೇಡಿದವರ ಭಕ್ತಿ ದೊಡ್ಡದೆಂಬ ಕಾರಣದಿಂದ ಕೊಡುವವನು ಅಳತೆಯಲ್ಲಿ ಕಡಮೆ ಮಾಡಬಹುದೆಂದರೆ, ಭಕ್ತಿ ಹೆಚ್ಚಿದಂತೆಲ್ಲ ಭಕ್ತರಿಗೆ ಸಲ್ಲುವುದು ಕಡಮೆಯಾಗುತ್ತ ಹೋಗಬೇಕಾದೀತು.

ಇಲ್ಲಿ ಅಧಿಕಾರದ ಪ್ರಶ್ನೆಯನ್ನು ಎತ್ತದೆ ವಿಧಿಯಿಲ್ಲ. ಮೀಮಾಂಸಕರು ಯಾವ ಕರ್ಮವನ್ನು ವಿಚಾರಿಸುವಾಗಲೂ ಅದನ್ನು ಮಾಡಲು ಅಧಿಕಾರಿ ಯಾರೆಂದು ಕೇಳುತ್ತಾರೆ. ಸಾಮರ್ಥ್ಯವೊಂದೇ ಅವರಿಗೆ ಸಾಲದು, ಅರಿವೂ ಬೇಕು. ಬಿಡುವುದೂ ಒಂದು ಕರ್ಮವೆಂದು ಎಣಿಸಿದರೆ, ಗುಡ್ಡನಿಗೆ ಆ ಅಧಿಕಾರ ದೀಕ್ಷೆಯಿಂದ ಬಂದಿದೆ, ಹಾಡನ್ನು ಪೂರ್ಣವಾಗಿ ಕಲಿತುದರಿಂದ ಬಂದಿದೆ, ಕೇಳುವವರ ಎದುರಿಗೇ ಕುಳಿತಿರುವುದರಿಂದ ಬಂದಿದೆ. ಏನನ್ನು ಬಿಟ್ಟೆನೆಂದು ಆತನು ಬಲ್ಲನು, ಏಕೆ ಬಿಟ್ಟೆನೆಂದು ಕೇಳಿದರೆ ಹೇಳಬಲ್ಲನು. ತಂತ್ರಾಂಶದ ಒಳಪುಟವನ್ನು ತಿರುವದೆ ಗುಂಡಿಯೊತ್ತುವವನಿಗೆ ಸಾಮರ್ಥ್ಯವುಂಟು, ಅರಿವಿಲ್ಲ. ಅದನ್ನು ದೂರದಲ್ಲೆಲ್ಲೊ ಕುಳಿತು ಬರೆದವನಿಗೆ ಅರಿವುಂಟು, ಆದರೆ ಆತನು ಕಂಸಾಳೆಯನ್ನಾಗಲಿ ಗುಡ್ಡರ ಮುಖವನ್ನಾಗಲಿ ಕಂಡವನಲ್ಲ. ಹೀಗೆ ಕರ್ತೃತ್ವ ಇಬ್ಬರ ನಡುವೆ ಹರಿದು ಹಂಚಿಹೋಗಿ, ಕೊನೆಗೆ ಯಾರೂ ಮಾಡದ ಕೆಲಸದಂತೆ ನಷ್ಟ ನಡೆದುಹೋಗುತ್ತದೆ. ಆಯ್ಕೆಯೊಂದು ಮರೆಯಲ್ಲಿದೆಯೆಂದು ತಿಳಿಯದಿರುವವರೆಗೆ ಅಂಗಡಿಯವನ ಮೇಲೆ ದೋಷವಿಡುವುದು ನ್ಯಾಯವಲ್ಲ. ತಿಳಿದ ಮೇಲೆ, ಆ ಪುಟವನ್ನು ತಿರುವದಿರುವುದೂ ಆತನದೇ ತೀರ್ಮಾನವಾಗುತ್ತದೆ. ಅರಿವಿನ ಜೊತೆಯಲ್ಲಿ ಹೊಣೆ ಬರುವುದನ್ನು ಯಾರೂ ತಡೆಯಲಾರರು.

ಹಾಗಾದರೆ ಯಾವುದನ್ನು ಆಯಬೇಕು, ತೀಕ್ಷ್ಣವನ್ನೊ ನಯವನ್ನೊ? ನನ್ನ ಉತ್ತರ ನಿಸ್ಸಂದೇಹವಾಗಿ ತೀಕ್ಷ್ಣದ ಕಡೆಗಿದೆ. ಅದು ಹೆಚ್ಚು ಸುಂದರವೆಂದಲ್ಲ; ಸೌಂದರ್ಯದಲ್ಲಿ ಗಿರಾಕಿಗಳೇ ಸರಿ. ಚೌಕಚೌಕವಾಗಿ ಒಡೆದ ಹೊಗೆಯನ್ನು ನೋಡಿದವನಿಗೆ ಇಲ್ಲೇನೋ ಇದ್ದಿತು, ಈಗಿಲ್ಲ ಎಂಬುದು ತಿಳಿಯುತ್ತದೆ. ಇದ್ದಿದ್ದರೆ ಕಾಣಬೇಕಾಗಿದ್ದಿತೆಂಬ ನಿರೀಕ್ಷೆ ಉಳಿದಿದೆ. ಶಾಸ್ತ್ರ ಹೇಳುವ ಯೋಗ್ಯತೆ ಉಳಿದಿದೆ. ಆದುದರಿಂದ ಅಭಾವದ ಜ್ಞಾನ ಸಾಧ್ಯವಾಗಿದೆ. ನಯ ಮಾಡಿದಲ್ಲಿ ಆ ಜ್ಞಾನವೂ ಹೋಗುತ್ತದೆ. ಸುಕ್ಕಿಲ್ಲದ ಮುಖವನ್ನು ನೋಡಿದವನು ಸುಕ್ಕು ಕಳೆದಿದೆಯೆಂದು ಹೇಗೆ ಅರಿತಾನು? ಗುಡ್ಡರ ಮುಖವೇ ಹಾಗಿದ್ದಿತೆಂದು ತಿಳಿದಾನು. ವಸ್ತುವೊಂದು ನಾಶವಾದುದು ಒಂದು ನಷ್ಟ; ಅದು ನಾಶವಾಯಿತೆಂಬ ಅರಿವೂ ನಾಶವಾದುದು ಬೇರೆಯೇ ಜಾತಿಯ ನಷ್ಟ, ಏಕೆಂದರೆ ಅದನ್ನು ಅರಸಿಕೊಂಡು ಹೋಗುವ ಜಿಜ್ಞಾಸೆಯ ಬೇರನ್ನೇ ಅದು ಕೀಳುತ್ತದೆ. ಬಲಗೈ ಭಾಷೆ ಕೊಡಲೊಲ್ಲದ ಸಂಕಮ್ಮನ ಮೌನವನ್ನು ಹಾಡುವಾಗ ಗುಡ್ಡನು ಹಾಡನ್ನು ನಿಲ್ಲಿಸಿ ಕಂಚನ್ನೊಮ್ಮೆ ಮಾತ್ರ ತಟ್ಟಿ ಸುಮ್ಮನಾಗುವುದನ್ನು ಕೇಳಿದವರು ಬಲ್ಲರು: ಅಲ್ಲಿ ಮಾತಿಲ್ಲ, ಆದರೆ ಮಾತಿರಬೇಕಾದ ಜಾಗವಿದೆ, ಆ ಜಾಗವನ್ನು ಎಲ್ಲರೂ ಕಾಣುತ್ತಾರೆ.

ಆದರೆ ತೀಕ್ಷ್ಣವನ್ನು ಆಯ್ದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಏನನ್ನು ಆಯ್ದರೂ ಪ್ರಧ್ವಂಸ ತಪ್ಪುವುದಿಲ್ಲ. ಮೂಲ ಉಳಿದಿದ್ದರೆ ಮಾತ್ರ ಪ್ರತಿಯ ಕೊರತೆ ಕೊರತೆಯಾಗಿಯಷ್ಟೇ ಇರುತ್ತದೆ. ನಿಜವಾದ ಸಂಕಟವಿರುವುದು ಇಲ್ಲಿ, ತಂತ್ರಾಂಶದಲ್ಲಲ್ಲ. ಸಣ್ಣ ಊರುಗಳ ವಿಡಿಯೊ ಅಂಗಡಿಗಳಲ್ಲಿ ಮಿನಿ ಡಿವಿ ಕ್ಯಾಸೆಟ್ಟು ಬೆಲೆಬಾಳುವ ವಸ್ತುವಾಗಿದ್ದಿತು. ತಟ್ಟೆಗೆ ಇಳಿಸಿದ ಮೇಲೆ ಅದೇ ಕ್ಯಾಸೆಟ್ಟಿನ ಮೇಲೆ ಮುಂದಿನ ಮದುವೆಯನ್ನು ತೆಗೆಯುವುದು ಎಲ್ಲೆಲ್ಲಿಯೂ ನಡೆದುಬಂದ ಪದ್ಧತಿಯಾಗಿದ್ದಿತು. ಹೀಗೆ ಎಷ್ಟೋ ರಾತ್ರಿಗಳ ಹಾಡಿಕೆಯ ಮೇಲೆ ಧಾರೆಯೂ ಆರತಕ್ಷತೆಯೂ ಬಂದು ಕುಳಿತಿವೆ. ಉಳಿದಿರುವುದು ಎರಡು ಸಲ ಕುಗ್ಗಿದ ತಟ್ಟೆ, ಅದೂ ಬಿಸಿಲಿಗೆ ಗೀರಿಗೆ ಸಿಕ್ಕಿ ಓದಲು ಬಾರದ ಸ್ಥಿತಿಗೆ ಬರುತ್ತಿದೆ. ಆದರೂ ಎಲ್ಲವೂ ಹೋಗಿಲ್ಲ. ರಾಮಾಪುರ, ಹನೂರು, ಕೊಳ್ಳೇಗಾಲ, ಯಳಂದೂರುಗಳ ಅಂಗಡಿಗಳ ಬೀರುಗಳಲ್ಲಿಯೂ ಹರಕೆ ಹಾಡಿಸಿದವರ ಮನೆಗಳ ಅಟ್ಟದಲ್ಲಿಯೂ ಅಳಿಸದೆ ಉಳಿದ ಕ್ಯಾಸೆಟ್ಟುಗಳಿರಬೇಕು. ಅಯಸ್ಕಾಂತದ ಆ ಪಟ್ಟಿಗಳಿಗೆ ಆಯುಷ್ಯ ಹೆಚ್ಚಿಲ್ಲ, ಅವನ್ನು ಓದುವ ಯಂತ್ರಗಳು ಅದಕ್ಕೂ ಮೊದಲು ಅಪರೂಪವಾಗುತ್ತಿವೆ. ಗಂಟೆಗೆ 13 ಗಿಗಾಬೈಟೆಂಬುದು ಒಂದು ಕಾಲಕ್ಕೆ ಹೊರಲಾರದ ಹೊರೆಯಾಗಿದ್ದಿತು. ಇಂದು ಅಂಗೈಯಗಲದ ಹಾರ್ಡ್ ಡಿಸ್ಕಿನಲ್ಲಿ ಅಂಥ ನೂರು ಗಂಟೆ ಸಲೀಸಾಗಿ ಸೇರುತ್ತದೆ. ಏನನ್ನೂ ಕಳೆಯದೆ ಇದ್ದುದನ್ನು ಇದ್ದಂತೆಯೇ ನಕಲು ಮಾಡಿ, ಒಂದು ಪ್ರತಿಯನ್ನು ಹಾಡಿದವರ ಮನೆಗೂ ಇನ್ನೊಂದನ್ನು ಹಂಪಿಯ ವಿಶ್ವವಿದ್ಯಾಲಯಕ್ಕೊ, ಶಿಗ್ಗಾವಿಯ ಗೊಟಗೋಡಿಯಲ್ಲಿರುವ ಜಾನಪದ ವಿಶ್ವವಿದ್ಯಾಲಯಕ್ಕೊ, ಮೈಸೂರಿನ ಜಾನಪದ ವಸ್ತುಸಂಗ್ರಹಾಲಯಕ್ಕೊ ಒಪ್ಪಿಸುವುದು ಯಾವ ಊರಿನ ಯುವಕರಿಗೂ ಅಸಾಧ್ಯವಾದ ಕೆಲಸವಲ್ಲ.

ಅಜ್ಜಿಯ ಟೆಲಿವಿಷನ್ನಿಗೂ ಮಕ್ಕಳ ಮೊಬೈಲಿಗೂ ಬೇಕಾದ ಕುಗ್ಗಿದ ಪ್ರತಿಗಳನ್ನು ಅದರಿಂದ ಎಷ್ಟು ಬೇಕಾದರೂ ಮಾಡಿ ಹಂಚಲಿ. ಹಂಚುವಾಗ ತಟ್ಟೆಯ ಹೊದಿಕೆಯ ಮೇಲೆ ಹಾಡಿದ ಗುಡ್ಡರ ಹೆಸರು, ಸಾಲಿನ ಹೆಸರು, ಹಾಡಿಸಿದ ಊರು ಮತ್ತು ದಿನ ಇವುಗಳ ಕೆಳಗೆ ಇನ್ನೂ ಎರಡು ಸಾಲು ಬರೆದಿರಬೇಕು: ಇದು ಕುಗ್ಗಿಸಿದ ಪ್ರತಿಯೆಂಬುದು, ಪೂರ್ಣಪ್ರತಿ ಯಾರ ಬಳಿಯಲ್ಲಿದೆಯೆಂಬುದು.